ಟರ್ಬೊದ ಕಾವಿಗೆ ದಾರಿ: ರೋಟರಿ ಎಂಜಿನ್ನಿನ ಸುತ್ತಲಿನ ಬಿಡಿಭಾಗಗಳನ್ನು ಕಾಯುವ ಬಗೆ

ಶಾರ್ಜಾದ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ಬೇಸಿಗೆಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ. ಅವನ ಅಂಗೈ ಮೇಲೆ ಕಪ್ಪು ರಬ್ಬರಿನ ನಾಲ್ಕೈದು ಚೂರುಗಳಿದ್ದವು. ಕಿರುಬೆರಳಿಗಿಂತ ಸಣ್ಣದಾದ ಒಂದು ವ್ಯಾಕ್ಯೂಮ್ ಹೋಸು, ಬಿಚ್ಚಲೆಂದು ಹಿಡಿದರೆ ಒಣಗಿದ ಸಂಡಿಗೆಯಂತೆ ಪಟಪಟನೆ ಮುರಿದಿತ್ತು. ಕಾರು ಸುಮಾರು 30 ವರ್ಷ ಹಳೆಯದು, ಜಪಾನಿನ ಸ್ಪೋರ್ಟ್ಸ್ ಕಾರು, ಎರಡು ರೋಟರಿನ ಟರ್ಬೊ ಎಂಜಿನ್ನು. ಟರ್ಬೊ ಎಂದರೆ ಎಂಜಿನ್ನಿನ ಬಿಸಿ ಹೊಗೆಯ ಬಲದಿಂದ ತಿರುಗಿ, ಎಂಜಿನ್ನಿನೊಳಗೆ ಹೆಚ್ಚು ಗಾಳಿ ಒತ್ತುವ ಸಾಧನ. ಫೋಟೊದ ಹಿಂದೆಯೇ ಫೋನೂ ಬಂತು: "ಸಾರ್, ಟರ್ಬೊಕ್ಕೆ ಯಾವ ಬಟ್ಟಿ ಸುತ್ತಬೇಕ್ರಿ? ತರಿಸಿಬಿಡ್ತೀನಿ."

ನಾನು ಬಳ್ಳಾರಿಯಲ್ಲಿ ವಾಹನ ದುರಸ್ತಿ ಕಲಿಸುವವನು. ಇಲ್ಲಿನ ರಸ್ತೆಗಳಲ್ಲಿ ರೋಟರಿ ಎಂಜಿನ್ನಿನ ಕಾರನ್ನು ಕಂಡವನಲ್ಲ. ಆದರೆ ಟರ್ಬೊದ ಕಾವಿಗೆ ಬೆಂದ ಹೋಸು, ಮೇಲಿನ ಕವಚ ಉದುರಿ ತಾಮ್ರ ಕಾಣಿಸುವ ವೈರು, ಸೊಟ್ಟಗಾದ ಪ್ಲಾಸ್ಟಿಕ್ ಕ್ಲಿಪ್ಪು, ಇವನ್ನೆಲ್ಲ ಸಂಡೂರಿನ ಕಡೆಯಿಂದ ಅದಿರು ಹೊತ್ತು ಬರುವ ಟಿಪ್ಪರುಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಆ ಅನುಭವದಿಂದಲೇ ಅವನಿಗೆ ಹೇಳಿದೆ: ಬಟ್ಟೆಯ ಮಾತು ಕೊನೆಗಿರಲಿ, ಆ ಹೋಸಿಗೆ ಕಾವು ಯಾವ ದಾರಿಯಿಂದ ತಲುಪಿತು ಎಂಬುದನ್ನು ಮೊದಲು ಕಂಡುಹಿಡಿ. ಬಾನೆಟ್ಟಿನ ಕೆಳಗಿನ ಶಾಖವನ್ನು ಯಾರೂ ಇಲ್ಲವಾಗಿಸಲಾರರು. ಅದಕ್ಕೊಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯನ್ನು ಅದು ಹುಡುಕಿಕೊಳ್ಳುತ್ತದೆ. ಆದ್ದರಿಂದ ಕಾವಿನಿಂದ ಬಿಡಿಭಾಗಗಳನ್ನು ಕಾಯುವುದೆಂದರೆ, ಕಾವು ಎತ್ತ ಹೋದರೆ ಯಾರಿಗೂ ತೊಂದರೆಯಿಲ್ಲವೋ ಅತ್ತ ಅದನ್ನು ಕಳಿಸುವುದು. ಈ ಲೇಖನದ ಉದ್ದಕ್ಕೂ ನಾನು ಬಿಡಿಸಿ ಹೇಳಲಿರುವುದು ಈ ಒಂದು ಮಾತನ್ನೇ.

ರೋಟರಿ ಎಂಜಿನ್ನಿನಲ್ಲಿ ಈ ಸಮಸ್ಯೆ ಯಾಕಿಷ್ಟು ತೀವ್ರವಾಗಿದೆ ಎಂದು ತಿಳಿಯಲು ಅದರ ಒಳಗನ್ನು ಸ್ವಲ್ಪ ನೋಡಬೇಕು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆಯಿಂದ ಹುಟ್ಟಿ, 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ಓಡಿದ ಈ ಎಂಜಿನ್ನನ್ನು ದಶಕಗಳ ಕಾಲ ಬಿಡದೆ ಬೆಳೆಸಿದವರು ಜಪಾನಿನ ಮಜ್ದಾ ಕಂಪನಿಯವರು. 1967ರಲ್ಲಿ ಅವರ ಕಾಸ್ಮೊ ಸ್ಪೋರ್ಟ್ ಕಾರು ಬಂತು, 1982ರಲ್ಲಿ ಕಾಸ್ಮೊದಲ್ಲಿಯೇ ರೋಟರಿಗೆ ಟರ್ಬೊ ಸೇರಿತು, 1991ರ ಕೊನೆಗೆ ಬಂದ ಮೂರನೆಯ ತಲೆಮಾರಿನ ಆರ್‌ಎಕ್ಸ್-7 ಕಾರಿನಲ್ಲಿ ಒಂದರ ಹಿಂದೊಂದು ಕೆಲಸಕ್ಕಿಳಿಯುವ ಎರಡು ಟರ್ಬೊಗಳಿದ್ದವು. ಆ ಕಾರಿನ 13ಬಿ ಎಂಜಿನ್ನಿನಲ್ಲಿ ಒಂದೊಂದು 654 ಸಿಸಿಯ ಎರಡು ಕೋಣೆಗಳು, ಒಟ್ಟು 1308 ಸಿಸಿ. ನಮ್ಮ ಊರಿನ ಒಂದು ಸಾಮಾನ್ಯ ಸಣ್ಣ ಕಾರಿನ ಎಂಜಿನ್ನಿನಷ್ಟೇ ಗಾತ್ರ. ಅದರಿಂದ ಜಪಾನಿನಲ್ಲಿ ಕೊನೆಕೊನೆಗೆ 280 ಅಶ್ವಶಕ್ತಿಯನ್ನು ತೆಗೆಯುತ್ತಿದ್ದರು. ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಇಂಧನ ಉರಿದರೆ ಚಕ್ರಕ್ಕೆ ಸಿಗದ ಶಕ್ತಿಯೆಲ್ಲ ಶಾಖವಾಗಿ ಹೊರಬರಲೇಬೇಕು.

ರೋಟರಿಯಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ, ಬದಿಗಳು ಉಬ್ಬಿದ ಒಂದು ರೋಟರು, ನಡುವೆ ಸ್ವಲ್ಪ ಸೊಂಟ ಹಿಡಿದಂತಿರುವ ಅಂಡಾಕಾರದ ಮನೆಯೊಳಗೆ ಸುತ್ತುತ್ತದೆ. ಪಿಸ್ಟನ್ನಿನ ಸಿಲಿಂಡರಿನಲ್ಲಿ ತಣ್ಣನೆಯ ಗಾಳಿ ಬರುವುದೂ ಬೆಂಕಿ ಹೊತ್ತುವುದೂ ಒಂದೇ ಜಾಗದಲ್ಲಿ, ಸರದಿಯ ಮೇಲೆ. ಹಾಗಾಗಿ ಆ ಜಾಗಕ್ಕೆ ಆಗಾಗ ಉಸಿರಾಡಲು ಬಿಡುವು ಸಿಗುತ್ತದೆ. ರೋಟರಿಯಲ್ಲಿ ಹಾಗಲ್ಲ. ಗಾಳಿ ಒಳಬರುವ ಭಾಗ ಸದಾ ಒಂದೇ, ಉರಿಯುವ ಭಾಗ ಸದಾ ಇನ್ನೊಂದೇ. ಮನೆಯ ಒಂದು ಗೋಡೆಗೆ ಎಂದೂ ಆರದ ಒಲೆ, ಎದುರಿನ ಗೋಡೆಗೆ ಎಂದೂ ಬಿಸಿಲಿಲ್ಲ. ಅದಲ್ಲದೆ ಉರಿಯುವ ಕೋಣೆ ಉದ್ದವಾಗಿಯೂ ತೆಳ್ಳಗೂ ಇರುವುದರಿಂದ ಜ್ವಾಲೆ ಅದರ ಹಿಂದಿನ ಮೂಲೆಯನ್ನು ಸಕಾಲಕ್ಕೆ ಮುಟ್ಟುವುದಿಲ್ಲ. ಒಂದೊಂದು ಕೋಣೆಗೆ ಎರಡೆರಡು ಸ್ಪಾರ್ಕ್ ಪ್ಲಗ್ಗುಗಳನ್ನು ಇಟ್ಟಿರುವುದು ಇದಕ್ಕಾಗಿಯೇ. ಆದರೂ ಅರೆಬರೆ ಉಳಿದ ಇಂಧನ ಹೊರಬಾಗಿಲು ದಾಟಿ ಮ್ಯಾನಿಫೋಲ್ಡಿನೊಳಗೆ, ಅಂದರೆ ಹೊಗೆಯನ್ನು ಕೂಡಿಸಿ ಒಯ್ಯುವ ಕೊಳವೆಯೊಳಗೆ, ಉರಿಯುತ್ತಲೇ ಹೋಗುತ್ತದೆ.

ಆ ಹೊರಬಾಗಿಲಿಗೂ ತನ್ನದೇ ರೀತಿಯಿದೆ. ಇಲ್ಲಿ ವಾಲ್ವ್ ಇಲ್ಲ. ರೋಟರಿನ ತುದಿ ಗೋಡೆಯ ರಂಧ್ರವನ್ನು ದಾಟಿದ ಕ್ಷಣ ಬಾಗಿಲು ಸರಕ್ಕನೆ ಪೂರ್ತಿ ತೆರೆಯುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ಬಿಸಿ ಅನಿಲವು ವಾಲ್ವನ್ನು ಸವರಿ, ನೀರು ಸುತ್ತುವರಿದ ಹೆಡ್ಡಿನ ಕಾಲುವೆಯಲ್ಲಿ ಸಾಗಿ ಒಂದಿಷ್ಟು ಕಾವನ್ನು ಅಲ್ಲೇ ಬಿಟ್ಟು ಹೊರಗೆ ಬರುತ್ತದೆ. ರೋಟರಿಯಲ್ಲಿ ಆ ದಾರಿ ಬಹಳ ಗಿಡ್ಡ. ಹೀಗಾಗಿ ಪೂರ್ತಿ ಬಲ ಹಾಕಿದಾಗ ಟರ್ಬೊದ ಬಾಯಿಗೆ ಬರುವ ಅನಿಲ 900 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಅಪರೂಪವಲ್ಲ. ನಮ್ಮ ಟಿಪ್ಪರಿನ ಡೀಸೆಲ್ ಎಂಜಿನ್ನು ಉರಿಗೆ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತದೆ, ಅದರ ಹೊಗೆ ಇಷ್ಟು ಬಿಸಿಯಾಗುವುದಿಲ್ಲ. ಡೀಸೆಲ್ ಟರ್ಬೊದ ಅಂದಾಜನ್ನೇ ಇಟ್ಟುಕೊಂಡು ರೋಟರಿಗೆ ಕೈ ಹಾಕಿದರೆ ಲೆಕ್ಕ ತಪ್ಪುವುದು ಇಲ್ಲಿಯೇ.

ಇನ್ನೊಂದು ತೊಡಕಿದೆ. 13ಬಿಯಲ್ಲಿ ಗಾಳಿ ಒಳಬರುವ ದಾರಿಯೂ ಹೊಗೆ ಹೊರಹೋಗುವ ದಾರಿಯೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ. ಕೆಳಗೆ ಕೆಂಡದಂತಹ ಎಕ್ಸಾಸ್ಟ್ ಮ್ಯಾನಿಫೋಲ್ಡು ಮತ್ತು ಟರ್ಬೊ, ಅದರ ತಲೆಯ ಮೇಲೆಯೇ ಇನ್‌ಟೇಕ್ ಮ್ಯಾನಿಫೋಲ್ಡು. ಆ ಇಕ್ಕಟ್ಟಿನಲ್ಲಿಯೇ ಇಂಜೆಕ್ಟರುಗಳು, ಇಂಧನದ ಪೈಪು, ಎರಡು ಟರ್ಬೊಗಳನ್ನು ನಿಯಂತ್ರಿಸುವ ಸೊಲೆನಾಯ್ಡುಗಳೆಂಬ ವಿದ್ಯುತ್ ವಾಲ್ವುಗಳು, ಅವುಗಳಿಗೆ ಹೋಗುವ ಹತ್ತಾರು ವ್ಯಾಕ್ಯೂಮ್ ಹೋಸುಗಳು. ಒಲೆಯ ಮೇಲಿನ ಅಟ್ಟದಲ್ಲಿ ಮೇಣದ ಬತ್ತಿಗಳನ್ನು ಜೋಡಿಸಿಟ್ಟಂತೆ. ನನ್ನ ಶಿಷ್ಯನ ಅಂಗೈ ಮೇಲೆ ಚೂರಾಗಿ ಬಿದ್ದಿದ್ದ ಹೋಸು ಇದ್ದದ್ದು ಅದೇ ಅಟ್ಟದಲ್ಲಿ.

ಈಗ ಕಾವಿನ ದಾರಿಗಳ ವಿಚಾರ. ಶಾಲೆಯಲ್ಲಿ ವಹನ, ಸಂವಹನ, ವಿಕಿರಣ ಎಂದು ಓದಿದ್ದೇವೆ. ಲೋಹದಿಂದ ಲೋಹಕ್ಕೆ ಮುಟ್ಟಿ ಹರಿಯುವುದು ವಹನ, ಗಾಳಿಯ ಮೇಲೇರಿ ಹೋಗುವುದು ಸಂವಹನ, ಯಾವ ಆಸರೆಯೂ ಇಲ್ಲದೆ ಕಿರಣವಾಗಿ ಹೋಗುವುದು ವಿಕಿರಣ. ಮೇ ತಿಂಗಳಲ್ಲಿ ಸೂರ್ಯ ಮುಳುಗಿ ಒಂದು ತಾಸು ಕಳೆದ ಮೇಲೆ ಬಳ್ಳಾರಿ ಗುಡ್ಡದ ಬುಡದಲ್ಲಿ ನಿಂತು ನೋಡಿ. ಗಾಳಿ ಬೀಸುತ್ತಿದ್ದರೂ ಬಂಡೆಯ ಕಡೆಗಿರುವ ಕೆನ್ನೆ ಬೆಚ್ಚಗಾಗುತ್ತದೆ, ಇನ್ನೊಂದು ಕೆನ್ನೆಗೆ ಏನೂ ತಿಳಿಯುವುದಿಲ್ಲ. ಗಾಳಿಯ ಮೂಲಕ ಬಂದ ಕಾವಾಗಿದ್ದರೆ ಎರಡೂ ಕೆನ್ನೆಗೆ ತಿಳಿಯಬೇಕಿತ್ತು. ವಿಕಿರಣದ ಗುರುತೇ ಅದು. ಎದುರಿಗಿರುವುದನ್ನು ಮಾತ್ರ ಸುಡುತ್ತದೆ, ನಡುವೆ ಒಂದು ಹಲಗೆ ಬಂದರೆ ನಿಂತುಬಿಡುತ್ತದೆ.

ಟರ್ಬೊದ ಹತ್ತಿರ ಗೆಲ್ಲುವುದು ಈ ವಿಕಿರಣವೇ. ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮದ ಪ್ರಕಾರ ಒಂದು ಮೇಲ್ಮೈ ಹೊರಸೂಸುವ ಶಾಖ ಅದರ ಪರಮ ಉಷ್ಣತೆಯ ನಾಲ್ಕನೆಯ ಘಾತದಷ್ಟು ಏರುತ್ತದೆ. ಟರ್ಬೊದಲ್ಲಿ ಹೊಗೆ ಹಾಯುವ ಭಾಗವಾದ ಟರ್ಬೈನಿನ ಹೊರಮೈ 450 ಡಿಗ್ರಿ ಇದ್ದಾಗ ಸೂಸುವುದಕ್ಕೆ ಹೋಲಿಸಿದರೆ 750 ಡಿಗ್ರಿಯಲ್ಲಿ ಸೂಸುವುದು ಸುಮಾರು ನಾಲ್ಕು ಪಟ್ಟು. ತುಕ್ಕು ಹಿಡಿದ ಎರಕದ ಕಬ್ಬಿಣ 750 ಡಿಗ್ರಿಯಲ್ಲಿ ಚದರ ಮೀಟರಿಗೆ ಹತ್ತಿರಹತ್ತಿರ 50 ಕಿಲೋವ್ಯಾಟ್ ಸೂಸುತ್ತದೆ. ನೆತ್ತಿಯ ಮೇಲಿನ ನಡುಬೇಸಿಗೆಯ ಸೂರ್ಯ ನೆಲಕ್ಕೆ ಕೊಡುವುದು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್. ಅಂದರೆ ಆ ಹೋಸಿನ ಎದುರಿಗಿದ್ದದ್ದು ಬಳ್ಳಾರಿಯ ನಡುಹಗಲಿನ ಐವತ್ತು ಸೂರ್ಯರು. ಟರ್ಬೈನಿನ ಮೈ 500 ಚದರ ಸೆಂಟಿಮೀಟರ್ ಎಂದು ಹಿಡಿದರೂ ವಿಕಿರಣವೊಂದರಿಂದಲೇ ಎರಡೂವರೆ ಕಿಲೋವ್ಯಾಟ್ ಆಗುತ್ತದೆ. ಬಾನೆಟ್ಟಿನೊಳಗೆ ಎರಡು ಮೂರು ಇಸ್ತ್ರಿಪೆಟ್ಟಿಗೆಗಳನ್ನು ಹಚ್ಚಿಟ್ಟಷ್ಟು.

ಆದ್ದರಿಂದ ಮೊದಲ ಕಾವಲು ಬಟ್ಟೆಯಲ್ಲ, ತಗಡು. ಬಿಸಿಯಾದ ಮೈಗೂ ಹೋಸಿಗೂ ನಡುವೆ ಒಂದು ತೆಳುವಾದ ತಗಡು ನಿಂತರೆ, ಅದು ಕಪ್ಪಗಿದ್ದರೂ ವಿಕಿರಣ ಅರ್ಧದಷ್ಟಕ್ಕೆ ಇಳಿಯುತ್ತದೆ. ಅದೇ ತಗಡು ಎರಡೂ ಬದಿ ಹೊಳಪಾಗಿದ್ದರೆ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಒಂದೇ ಷರತ್ತೆಂದರೆ ತಗಡು ಯಾವುದಕ್ಕೂ ತಾಗಿಕೊಂಡಿರಬಾರದು. ನಮ್ಮ ಊರುಗಳಲ್ಲಿ ತಗಡಿನ ಮನೆಯ ಮೇಲೆ ಗೇಣೆತ್ತರ ಬಿಟ್ಟು ಗರಿಯ ಚಪ್ಪರ ಹಾಕುತ್ತಾರೆ. ಗರಿಯನ್ನು ತಗಡಿಗೇ ಅಂಟಿಸಿದರೆ ಆ ತಂಪು ಬರುವುದಿಲ್ಲ. ಬಿಸಿಲನ್ನು ಚಪ್ಪರ ಹೊರುತ್ತದೆ, ಚಪ್ಪರದ ಕಾವನ್ನು ನಡುವಿನ ಗಾಳಿ ಒಯ್ಯುತ್ತದೆ. ಹೀಟ್ ಶೀಲ್ಡಿನ ಕೆಲಸವೂ ಇದೇ. ಬೆರಳಗಲದಷ್ಟು ಜಾಗ ಬಿಟ್ಟು, ಮೇಲೂ ಕೆಳಗೂ ಬಾಯಿ ತೆರೆದಿಟ್ಟು ಕೂರಿಸಿದರೆ ನಡುವೆ ಗಾಳಿ ತಾನಾಗಿ ಏರುತ್ತದೆ. ಶೀಲ್ಡನ್ನು ಹಿಡಿದ ಬೋಲ್ಟುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು, ಏಕೆಂದರೆ ಕಾವು ಲೋಹದ ಮೂಲಕ ನುಸುಳುವುದು ಅಲ್ಲಿಂದ. ಟರ್ಬೈನಿಗೆ ತೀರ ಹತ್ತಿರವಾದರೆ ಸ್ಟೇನ್‌ಲೆಸ್ ಸ್ಟೀಲನ್ನೇ ಬಳಸಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ ಮತ್ತು ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ಅದರ ಜಾಗ ದೂರದಲ್ಲಿ, ಹೋಸು ವೈರುಗಳ ಮಗ್ಗುಲಲ್ಲಿ.

ಹೊಳಪಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಒಂದನ್ನು ವಿಶೇಷವಾಗಿ ಗಮನಿಸಬೇಕು. ಹೊಳೆಯುವ ಅಲ್ಯೂಮಿನಿಯಂ ಅಥವಾ ಬಂಗಾರದ ಬಣ್ಣದ ಟೇಪು ವಿಕಿರಣವನ್ನು ಹಿಂದಕ್ಕೆ ತಳ್ಳುವುದು ಅದರ ಮೈ ಶುಭ್ರವಾಗಿರುವವರೆಗೆ ಮಾತ್ರ. ಸಂಡೂರು–ತೋರಣಗಲ್ಲು ದಾರಿಯಲ್ಲಿ ಓಡುವ ಗಾಡಿಯ ಬಾನೆಟ್ಟಿನೊಳಗೆ ಕೆಲವೇ ದಿನಗಳಲ್ಲಿ ಕೆಂಪು ಧೂಳಿನ ಒಂದು ಪದರ ಕೂರುತ್ತದೆ. ಅದು ಕಬ್ಬಿಣದ ಆಕ್ಸೈಡು, ತಾಗಿದ ಕಿರಣವನ್ನು ಹೀರಿಕೊಳ್ಳುವ ವಸ್ತು. ಧೂಳು ಮುಚ್ಚಿದ ಶೀಲ್ಡು ಕಪ್ಪು ಬಳಿದ ಶೀಲ್ಡಿಗೆ ಸಮ. ನಾನು ಟಿಪ್ಪರಿನ ಹುಡುಗರಿಗೆ ಏರ್ ಫಿಲ್ಟರ್ ಒದರುವ ದಿನವೇ ಶೀಲ್ಡನ್ನೂ ಒದ್ದೆ ಬಟ್ಟೆಯಿಂದ ಒರೆಸಲು ಹೇಳುತ್ತೇನೆ. ಹೇಳಿದಾಗಲೆಲ್ಲ, ಕಾಣದ ಜಾಗವನ್ನು ಒರೆಸುವುದೇಕೆ ಎಂಬಂತೆ ನೋಡುತ್ತಾರೆ. ತಣ್ಣಗಿರುವಾಗ ಒರೆಸಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಇದೇ ಹೊಳಪು ಅಳತೆಯಲ್ಲಿಯೂ ಮೋಸ ಮಾಡುತ್ತದೆ. ಬಂದೂಕಿನಂತೆ ಹಿಡಿದು ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರು ಈಗ ಎಲ್ಲ ಗ್ಯಾರೇಜಿನಲ್ಲಿಯೂ ಇದೆ. ಅದು ಓದುವುದು ಮೇಲ್ಮೈ ಸೂಸುವ ವಿಕಿರಣವನ್ನು. ಹೊಳೆಯುವ ಮೈ ಕಡಿಮೆ ಸೂಸುವುದರಿಂದ ಅದರ ಮೇಲೆ ಅಂಕಿ ಕಡಿಮೆ ಬೀಳುತ್ತದೆ. ಒಮ್ಮೆ ತರಗತಿಯಲ್ಲಿ ಹೊಸ ಸ್ಟೇನ್‌ಲೆಸ್ ಶೀಲ್ಡಿಗೆ ಅದನ್ನು ಹಿಡಿದಾಗ 70 ಎಂದು ತೋರಿಸಿತು. ಅದನ್ನು ನಂಬಿ ಕೈಯಿಟ್ಟ ಹುಡುಗನ ಬೆರಳಿಗೆ ಬೊಬ್ಬೆ ಎದ್ದಿತು. ಅದೇ ಶೀಲ್ಡಿನ ಮೇಲೆ ಶಾಖ ತಡೆಯುವ ಕಪ್ಪು ಬಣ್ಣದ ಒಂದು ರೂಪಾಯಿ ನಾಣ್ಯದಗಲದ ಬೊಟ್ಟಿಟ್ಟು ಅಲ್ಲಿ ಹಿಡಿದರೆ 190 ಬಂತು. ಅಂದಿನಿಂದ ಅಳೆಯುವ ಪ್ರತಿ ಜಾಗಕ್ಕೂ ಮೊದಲು ಕಪ್ಪು ಬೊಟ್ಟಿಡುವುದು ನನ್ನ ರೂಢಿ. ನಿಜವಾದ ಲೆಕ್ಕ ಬೇಕಾದಲ್ಲಿ ಕೆ ಮಾದರಿಯ ಥರ್ಮೋಕಪಲ್ ತಂತಿಯನ್ನು ಕಟ್ಟುತ್ತೇನೆ. ಕೈಗೆ ಸಿಗದ ಮೂಲೆಗಳಿಗೆ, ನಿಗದಿತ ಉಷ್ಣತೆ ದಾಟಿದರೆ ಚುಕ್ಕೆ ಕಪ್ಪಾಗಿ ಹಾಗೆಯೇ ಉಳಿಯುವ ಸಣ್ಣ ಅಂಟುಪಟ್ಟಿಗಳು ಸಿಗುತ್ತವೆ. ಗಾಡಿ ಓಡಿಸಿ ಬಂದು ಬಾನೆಟ್ಟು ಎತ್ತಿ ಓದಿಕೊಂಡರಾಯಿತು.

ಇನ್ನು ಬಟ್ಟೆಯ ಮಾತು. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವನ್ನು ನೋಡಿದವರಿಗೆ, ಸುಮಾರು 540 ಡಿಗ್ರಿಯ ಉಗಿ ಹೊತ್ತ ದಪ್ಪ ಪೈಪುಗಳಿಗೆ ಖನಿಜ ಉಣ್ಣೆಯನ್ನು ಸುತ್ತಿ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿರುವುದು ನೆನಪಿರಬಹುದು. ಅಲ್ಲಿ ಕಾವು ಒಳಗೇ ಉಳಿದಷ್ಟೂ ಲಾಭ, ಏಕೆಂದರೆ ಅದು ಟರ್ಬೈನಿಗೆ ಹೋಗಿ ಕೆಲಸ ಮಾಡಬೇಕು. ಟರ್ಬೊ ಬ್ಲ್ಯಾಂಕೆಟ್ ಎಂಬ ಹೊದಿಕೆಯ ತರ್ಕವೂ ಅದೇ. ಟರ್ಬೈನಿನ ಮೈಯಿಂದ ಸೋರುವ ಕಾವನ್ನು ತಡೆದರೆ ಅನಿಲದ ಶಕ್ತಿ ಒಳಗೇ ಉಳಿದು ಟರ್ಬೊ ಬೇಗ ವೇಗ ಹಿಡಿಯುತ್ತದೆ, ಬಾನೆಟ್ಟಿನೊಳಗೂ ತಂಪಾಗುತ್ತದೆ. ಈ ಲಾಭ ನಿಜವಾದದ್ದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಶಕ್ತಿನಗರದ ಪೈಪನ್ನು ಆ ಉಷ್ಣತೆಗೆಂದೇ ತಕ್ಕ ಲೋಹದಿಂದ ಮಾಡಿರುತ್ತಾರೆ. ಕಾರಿನ ಮ್ಯಾನಿಫೋಲ್ಡಿನ ಕತೆ ಬೇರೆ. ಹೊದಿಕೆಯಿಲ್ಲದಾಗ ಅದು ಹೊರಗಾಳಿಗೆ ಕಾವು ಕೊಟ್ಟು ತನ್ನ ಮೈಯನ್ನು ಅನಿಲಕ್ಕಿಂತ ತಣ್ಣಗೆ ಇಟ್ಟುಕೊಂಡಿರುತ್ತದೆ. ಹೊದಿಸಿದ ಮೇಲೆ ಲೋಹ ಅನಿಲದ ಉಷ್ಣತೆಗೆ ಹತ್ತಿರವಾಗುತ್ತದೆ. ಸಾಧಾರಣ ಉಕ್ಕಾದರೆ ಪದರಪದರವಾಗಿ ಏಳುತ್ತದೆ, ಎರಕವಾದರೆ ಬಿರುಕು ಬಿಡುವ ಸಂಭವ ಹೆಚ್ಚುತ್ತದೆ. ರೋಟರಿಯ ಅನಿಲ ಮೊದಲೇ ಅತಿ ಬಿಸಿಯಾಗಿರುವುದರಿಂದ ಇಲ್ಲಿ ಈ ಎಚ್ಚರ ಇಮ್ಮಡಿ ಬೇಕು.

ಹೊದಿಸುವುದೇ ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದು ಮುಖ್ಯ. ಟರ್ಬೊದಲ್ಲಿ ಮೂರು ಭಾಗಗಳಿವೆ: ಹೊಗೆಯ ಬಲದಿಂದ ತಿರುಗುವ ಟರ್ಬೈನು, ಗಾಳಿ ಒತ್ತುವ ಕಂಪ್ರೆಸರು, ಎರಡರ ನಡುವೆ ಬೇರಿಂಗ್ ಇರುವ ನಡುಮನೆ. ಹೊದಿಕೆ ಟರ್ಬೈನಿಗೆ ಮಾತ್ರ. ನಡುಮನೆಯನ್ನೂ ಸೇರಿಸಿ ಮುಚ್ಚಿದರೆ, ಕಾವು ಬಿಡಬೇಕಾದ ಭಾಗವನ್ನೇ ಕಂಬಳಿಯೊಳಗೆ ಸುತ್ತಿ ಮಲಗಿಸಿದಂತಾಗುತ್ತದೆ. ನಾನು ಕಂಡ ಸುಟ್ಟ ಟರ್ಬೊಗಳಲ್ಲಿ ಹೀಗೆ ಅಕ್ಕರೆಯಿಂದ ಪೂರ್ತಿ ಸುತ್ತಿದ್ದವೂ ಇದ್ದವು. ಬಟ್ಟೆಯ ಜಾತಿಯನ್ನೂ ನೋಡಬೇಕು. ಸಾಮಾನ್ಯ ಗಾಜಿನ ನಾರು 550 ಡಿಗ್ರಿಯ ಆಸುಪಾಸಿನಲ್ಲಿಯೇ ಸೋಲುತ್ತದೆ, ಸಿಲಿಕಾ ನಾರು ಸಾವಿರದ ಹತ್ತಿರದವರೆಗೆ ತಡೆಯುತ್ತದೆ. ಎಣ್ಣೆ ಅಥವಾ ಇಂಧನ ಕುಡಿದ ಹೊದಿಕೆ ದೀಪದ ಬತ್ತಿಯೇ ಸರಿ. ಆದ್ದರಿಂದ ಮೇಲಿನ ಎಣ್ಣೆ ಪೈಪಿನ ಜೋಡಣೆಯಲ್ಲಿ ಒಂದು ಹನಿ ಜಿನುಗುತ್ತಿದ್ದರೂ ಅದನ್ನು ಸರಿಪಡಿಸದೆ ಹೊದಿಸಬಾರದು. ಕೆಲವು ಹಳೆಯ ಗ್ಯಾರೇಜುಗಳ ಮೂಲೆಯಲ್ಲಿ ಬೂದು ಬಣ್ಣದ ಅಸ್ಬೆಸ್ಟಾಸ್ ಹಗ್ಗದ ಸುರುಳಿ ಈಗಲೂ ಬಿದ್ದಿರುತ್ತದೆ. ಅದರ ಎಳೆ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ದಯವಿಟ್ಟು ಮುಟ್ಟಬೇಡಿ. ಹೊಸ ನಾರುಗಳನ್ನು ಕತ್ತರಿಸುವಾಗಲೂ ಮಾಸ್ಕು, ಕೈಗವಸು ಇರಲಿ.

ಇಷ್ಟು ಹೊತ್ತು ಓಡುತ್ತಿರುವ ಗಾಡಿಯ ವಿಚಾರ ಹೇಳಿದೆ. ಹೆಚ್ಚಿನ ಹಾನಿ ನಡೆಯುವುದು ಗಾಡಿ ನಿಂತ ಮೇಲೆ. ಇದನ್ನು ನಂಬಿಸುವುದು ಎಲ್ಲಕ್ಕಿಂತ ಕಷ್ಟ. ಓಡುವಾಗ ಎಣ್ಣೆ ಹರಿಯುತ್ತಿರುತ್ತದೆ, ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ತಿರುಗುತ್ತಿರುತ್ತದೆ, ಮುಂದಿನಿಂದ ಗಾಳಿ ನುಗ್ಗುತ್ತಿರುತ್ತದೆ. ಕೀಲಿ ತಿರುಗಿಸಿದ ಕ್ಷಣ ಮೂರೂ ನಿಲ್ಲುತ್ತವೆ, ಕಾವು ಮಾತ್ರ ಹಾಗೆಯೇ ಇರುತ್ತದೆ. ಟರ್ಬೈನಿನ ಮೈ ಮತ್ತು ಮ್ಯಾನಿಫೋಲ್ಡು ಸೇರಿ 10 ಕಿಲೋ ಕಬ್ಬಿಣ, 700 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಅದು 100 ಡಿಗ್ರಿಗೆ ಇಳಿಯುವಾಗ ಬಿಡುವ ಶಾಖದಿಂದ ಒಂದು ಕೊಡ, ಅಂದರೆ ಸುಮಾರು 10 ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಆ ಕೊಡ ನೀರನ್ನು ಕಾಯಿಸುವ ಕಾವೆಲ್ಲ ಈಗ ನಿಂತ ಗಾಳಿಯಲ್ಲಿ, ಹೋಸುಗಳಲ್ಲಿ, ಬೇರಿಂಗಿನಲ್ಲಿ ಹಂಚಿಹೋಗಬೇಕು. ಬೇರಿಂಗಿನಲ್ಲಿ ನಿಂತ ಎಣ್ಣೆಯ ತೆಳು ಪದರ ಹೆಂಚಿನ ಮೇಲೆ ಮರೆತ ಒಗ್ಗರಣೆಯಂತೆ ಕಪ್ಪಾಗಿ ಗಟ್ಟಿಯಾಗುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಶಾಫ್ಟಿಗೆ ಆ ಕರಿ ಮರಳಾಗಿ ಒದಗುತ್ತದೆ.

ಇದಕ್ಕೆ ಅತ್ಯಂತ ಅಗ್ಗದ ಮದ್ದು ಚಾಲಕನ ಕೈಯಲ್ಲಿದೆ. ಕೊನೆಯ ಎರಡು ಮೂರು ಕಿಲೋಮೀಟರನ್ನು ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಏರದಂತೆ ಹಗುರವಾಗಿ ಓಡಿಸಿ, ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಿದರೆ ಟರ್ಬೈನಿನ ಮೈ ನೂರಾರು ಡಿಗ್ರಿ ಇಳಿದಿರುತ್ತದೆ. ವಿಕಿರಣದ ನಾಲ್ಕನೆಯ ಘಾತ ಆಗ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಎರಡನೆಯದು, ನೀರಿನಿಂದ ತಂಪಾಗುವ ನಡುಮನೆ. ಪಂಪು ನಿಂತ ಮೇಲೂ ಬಿಸಿಯಾದ ಕೂಲೆಂಟ್ ತಾನಾಗಿ ಮೇಲೇರಿ, ತಣ್ಣಗಿನದು ಕೆಳಗಿನಿಂದ ಬಂದು ಸೇರುತ್ತದೆ, ಹಂಡೆಯಲ್ಲಿ ನೀರು ಕಾಯುವಾಗ ತಿರುಗುವ ಹಾಗೆ. ಆದರೆ ಹೊರಹೋಗುವ ಪೈಪು ಟರ್ಬೊದಿಂದ ಎಲ್ಲಿಯೂ ತಗ್ಗದೆ ಏರುತ್ತ ಹೋಗಬೇಕು. ನಡುವೆ ಒಂದು ಉಬ್ಬು ಬಂದು ಮತ್ತೆ ಕೆಳಗಿಳಿದರೆ ಉಗಿಯ ಗುಳ್ಳೆ ಅಲ್ಲಿ ಸಿಕ್ಕಿಕೊಂಡು ಈ ತಿರುಗಾಟವೇ ನಿಂತುಹೋಗುತ್ತದೆ. ಮೂರನೆಯದು, ಎಂಜಿನ್ ನಿಂತ ಮೇಲೂ ಕೆಲವು ನಿಮಿಷ ಓಡುವ ಫ್ಯಾನು, ಮತ್ತು ಬಿಸಿಗಾಳಿ ಮೇಲೇರಿ ಹೋಗಲು ಬಾನೆಟ್ಟಿನಲ್ಲಿ ಟರ್ಬೊದ ನೆತ್ತಿಗೆ ಸರಿಯಾಗಿ ಒಂದು ಕಿಂಡಿ. ಕಿಂಡಿಯಿದ್ದರೆ ಮಳೆನೀರು ಬೀಳುತ್ತದೆಂದು ಹೆದರುವವರಿದ್ದಾರೆ. ಅದಕ್ಕೆ ಕೆಳಗೆ ನೀರು ಹರಿದುಹೋಗುವ ಒಂದು ದೋಣಿ ಮಾಡಿಕೊಳ್ಳಬಹುದು.

ರೋಟರಿಗೆ ಕಾವು ಮಾಡುವ ಒಳಗಿನ ಹಾನಿ ಇನ್ನೂ ದೊಡ್ಡದು. ರೋಟರು ಸುತ್ತುವ ಮನೆಯ ಮೈ ಅಲ್ಯೂಮಿನಿಯಂ, ಅದರ ಎರಡೂ ಬದಿಯ ತಟ್ಟೆಗಳು ಎರಕದ ಕಬ್ಬಿಣ, ಇವನ್ನೆಲ್ಲ ಬ್ರೆಡ್ಡಿನ ಹೋಳುಗಳಂತೆ ಜೋಡಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಅಲ್ಯೂಮಿನಿಯಂ ಕಾಯ್ದಾಗ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 80 ಮಿಲಿಮೀಟರ್ ಅಗಲದ ಆ ಮನೆ 100 ಡಿಗ್ರಿ ಏರಿದರೆ ಅದೇ ಅಗಲದ ಕಬ್ಬಿಣಕ್ಕಿಂತ ಸುಮಾರು 0.1 ಮಿಲಿಮೀಟರ್ ಹೆಚ್ಚು ಹಿಗ್ಗುತ್ತದೆ. ಹೋಳುಗಳ ನಡುವೆ ನೀರನ್ನು ತಡೆದಿರುವುದು ತೋಡಿನಲ್ಲಿ ಕೂರಿಸಿದ ರಬ್ಬರಿನಂತಹ ತೆಳುವಾದ ಸೀಲು. ಒಮ್ಮೆ ಅತಿಯಾಗಿ ಕಾಯ್ದರೂ ಸಾಕು, ಸೀಲು ಹಿಸುಕಿ ಸುಟ್ಟು, ಮರುದಿನ ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರಲು ಶುರುವಾಗುತ್ತದೆ. ಎಂಜಿನ್ನನ್ನು ಪೂರ್ತಿ ಬಿಚ್ಚದೆ ಇದಕ್ಕೆ ಪರಿಹಾರವಿಲ್ಲ. ಆದ್ದರಿಂದ ರೋಟರಿಯಲ್ಲಿ ರೇಡಿಯೇಟರು, ಕೂಲೆಂಟ್, ಎಣ್ಣೆಯ ಕೂಲರು ಇವೂ ಟರ್ಬೊ ರಕ್ಷಣೆಯ ಭಾಗವೇ. ರೋಟರಿನ ಹೊಟ್ಟೆಯನ್ನು ತಂಪಾಗಿಸುವುದು ನೀರಲ್ಲ, ಎಣ್ಣೆ. ಆರ್‌ಎಕ್ಸ್-7ರ ಕೆಲವು ಮಾದರಿಗಳಿಗೆ ಎರಡೆರಡು ಆಯಿಲ್ ಕೂಲರುಗಳನ್ನು ಕೊಟ್ಟದ್ದು ಅಲಂಕಾರಕ್ಕಲ್ಲ.

ಒಳಗೆ ಹೋಗುವ ಗಾಳಿಯ ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. ಬಳ್ಳಾರಿಯ 42 ಡಿಗ್ರಿಯ ಗಾಳಿಯನ್ನು ಟರ್ಬೊ 1.8 ಪಟ್ಟು ಒತ್ತಿದರೆ, ಕಂಪ್ರೆಸರಿನ ದಕ್ಷತೆ ನೂರಕ್ಕೆ 70 ಎಂದುಕೊಂಡರೆ, ಅದು ಸುಮಾರು 125 ಡಿಗ್ರಿಯಾಗಿ ಹೊರಬರುತ್ತದೆ. ಫಿಲ್ಟರು ಬಾನೆಟ್ಟಿನೊಳಗಿನ 70 ಡಿಗ್ರಿಯ ಗಾಳಿಯನ್ನು ಎಳೆಯುತ್ತಿದ್ದರೆ ಅದೇ ಗಾಳಿ 160 ಆಗುತ್ತದೆ. ಹೊರಗೆ ಕೇವಲ 28 ಡಿಗ್ರಿಯ ವ್ಯತ್ಯಾಸ, ಒಳಗೆ 35. ಇಂಟರ್‌ಕೂಲರು, ಅಂದರೆ ಒತ್ತಿದ ಗಾಳಿಯನ್ನು ತಣಿಸುವ ಜಾಲರಿ, ಒಂದಿಷ್ಟು ಇಳಿಸುತ್ತದೆ ನಿಜ, ಆದರೆ ಉಳಿದದ್ದು ಉರಿಯುವ ಕೋಣೆಗೆ ಹೋಗಿ ಇಂಧನವನ್ನು ಅಕಾಲದಲ್ಲಿ ಸಿಡಿಸುತ್ತದೆ. ಈ ಸಿಡಿತಕ್ಕೆ ನಾಕ್ ಎನ್ನುತ್ತಾರೆ. ಪಿಸ್ಟನ್ ಎಂಜಿನ್ನು ನಾಲ್ಕಾರು ಸಲ ನಾಕ್ ಆದರೂ ತಾಳಿಕೊಳ್ಳಬಹುದು. ರೋಟರಿನ ತುದಿಯ ಏಪೆಕ್ಸ್ ಸೀಲು ಬರೀ 2 ಮಿಲಿಮೀಟರ್ ದಪ್ಪದ್ದು, ಒಂದು ಬಲವಾದ ಹೊಡೆತಕ್ಕೆ ತುಂಡಾಗಬಹುದು. ತುಂಡಾದದ್ದು ಹೊರಬೀಳುವಾಗ ಟರ್ಬೈನಿನ ರೆಕ್ಕೆಗಳನ್ನೂ ಮುರಿದು ಹೋಗುತ್ತದೆ. ಹಾಗಾಗಿ ಫಿಲ್ಟರಿನ ಬಾಯಿಯನ್ನು ಮುಂದಿನ ಗ್ರಿಲ್ಲಿನ ಹಿಂದಕ್ಕೆ ಒಯ್ದು, ಅದರ ಸುತ್ತ ಬಿಗಿಯಾದ ಡಬ್ಬಿ ಕಟ್ಟುವುದು ಯಾವ ದುಬಾರಿ ಹೊದಿಕೆಗಿಂತಲೂ ಮೊದಲು ಆಗಬೇಕಾದ ಕೆಲಸ.

ಉಳಿದ ಸಣ್ಣಪುಟ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ವ್ಯಾಕ್ಯೂಮ್ ಹೋಸುಗಳಿಗೆ ಸಿಲಿಕೋನ್ ಉತ್ತಮ, ಆದರೆ ಎಣ್ಣೆ ಮತ್ತು ಪೆಟ್ರೋಲಿಗೆ ಸಾಮಾನ್ಯ ಸಿಲಿಕೋನ್ ಆಗದು, ಅದು ಊದಿಕೊಂಡು ಸೋರುತ್ತದೆ. ಸಾಮಾನ್ಯ ಪಿವಿಸಿ ವೈರು ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಗಟ್ಟಿಯಾಗುವುದರಿಂದ ಅದನ್ನು ದೂರ ಸರಿಸುವುದು ಒಂದು, ಸರಿಸಲಾಗದಿದ್ದರೆ ಹೊಳಪಿನ ಕೊಳವೆಯೊಳಗೆ ಹಾಕುವುದು ಎರಡು. ಬ್ರೇಕಿನ ಪೈಪು ಟರ್ಬೊದ ಹತ್ತಿರ ಹಾದಿದ್ದರೆ ಹೆಚ್ಚು ಜಾಗ್ರತೆ. ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯದೆ ನಿಲ್ಲಬೇಕೆಂಬುದು ನಿಯಮ, ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲು ನೆಲಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ.

ಶಾರ್ಜಾದ ಹುಡುಗ ನಾನು ಹೇಳಿದಂತೆ ಬಟ್ಟೆ ತರಿಸುವುದನ್ನು ನಿಲ್ಲಿಸಿ, ಮುರಿದ ಹೋಸಿನ ಜಾಗದಲ್ಲಿ ಹೊಸದನ್ನು ಹಾಕಿ, ಅದರ ಮಗ್ಗುಲಲ್ಲಿ ಒಂದು ಅಂಟುಪಟ್ಟಿಯನ್ನೂ ಒಂದು ಥರ್ಮೋಕಪಲನ್ನೂ ಕೂರಿಸಿದ. ಮೊದಲ ಓಟದಲ್ಲಿ ಪಟ್ಟಿಯ ಚುಕ್ಕೆಗಳು 138ರವರೆಗೆ ಕಪ್ಪಾದವು. ಓಡುವಾಗ ಥರ್ಮೋಕಪಲ್ ತೋರಿಸಿದ್ದು 100ಕ್ಕಿಂತ ಕಡಿಮೆ. ಆ 138 ಬಂದದ್ದು ಕಾರು ನಿಲ್ಲಿಸಿದ ಹತ್ತನೆಯ ನಿಮಿಷಕ್ಕೆ. "ಹೌದ್ರಿ ಸಾರ್, ನಿಂತ ಮ್ಯಾಲೇ ಏರ್ತೈತಿ" ಎಂದು ಅವನು ಫೋನಿನಲ್ಲಿ ಹೇಳಿದಾಗ ಅವನ ದನಿಯಲ್ಲಿದ್ದ ಬೆರಗು ನನಗೆ ಸಂತೋಷ ಕೊಟ್ಟಿತು. ಮ್ಯಾನಿಫೋಲ್ಡಿಗೂ ಹೋಸುಗಳಿಗೂ ನಡುವೆ ಬೆರಳಗಲ ಬಿಟ್ಟು ಸ್ಟೇನ್‌ಲೆಸ್ ತಗಡು ನಿಲ್ಲಿಸಿದ ಮೇಲೆ, ಫ್ಯಾನಿಗೆ ಐದು ನಿಮಿಷದ ಟೈಮರ್ ಹಾಕಿದ ಮೇಲೆ, ಹೊಸ ಪಟ್ಟಿಯಲ್ಲಿ 121ರ ಚುಕ್ಕೆ ಬೆಳ್ಳಗೆ ಉಳಿಯಿತು, 116ರವರೆಗಿನವು ಮಾತ್ರ ಕಪ್ಪಾದವು. ಇನ್ನೂ ಏಕೆ ಎಂದು ಹುಡುಕುವಾಗ ಕಂಡದ್ದು ಟರ್ಬೊದ ಕೂಲೆಂಟ್ ಪೈಪು. ಹಿಂದೆ ಯಾರೋ ಎಂಜಿನ್ ಇಳಿಸಿ ಏರಿಸಿದಾಗ ಅದು ಬ್ರ್ಯಾಕೆಟ್ಟಿನ ಮೇಲೆ ಹಾಯ್ದು ಮತ್ತೆ ಗೇಣುದ್ದ ಕೆಳಗಿಳಿದಿತ್ತು. ಬ್ರ್ಯಾಕೆಟ್ಟನ್ನು ಸರಿಸಿ, ಪೈಪನ್ನು ಬುಡದಿಂದ ತುದಿಯವರೆಗೆ ಏರುಮುಖವಾಗಿ ಕೂರಿಸಿ, ಹೊಸ ಪಟ್ಟಿ ಅಂಟಿಸಿ ಅವನು ಮತ್ತೆ ಕಳಿಸಿದ ಫೋಟೊದಲ್ಲಿ 110ರ ಚುಕ್ಕೆಯೊಂದೇ ಕಪ್ಪಾಗಿತ್ತು.